ಪಗೋಡ ಬೀದಿಯಲ್ಲಿ ಪಗೋಡ ಎಲ್ಲಿದೆ?

ಸಿಂಗಪುರದ ಚೈನಾಟೌನ್ ಮೆಟ್ರೊ ನಿಲ್ದಾಣದ ಒಂದು ದ್ವಾರದಿಂದ ಮೇಲೆ ಬಂದರೆ ನೇರ ಕಾಲಿಡುವುದು ಪಗೋಡ ಸ್ಟ್ರೀಟಿಗೆ. ತಲೆಯ ಮೇಲೆ ಕೆಂಪು ಲಾಟೀನು, ಎಡಬಲಕ್ಕೆ ಬೀಸಣಿಗೆ, ರೇಷ್ಮೆ ಚೀಲ, ಗೊಂಬೆಗಳ ಅಂಗಡಿ. ಹೆಸರು ಕೇಳಿ ಬಂದವರು ಅಂತಸ್ತಿನ ಮೇಲೆ ಅಂತಸ್ತೇರಿದ, ಸೂರಿನ ತುದಿ ಬಾಗಿದ ಚೀನೀ ಬೌದ್ಧ ಗೋಪುರಕ್ಕಾಗಿ ಕಣ್ಣಾಡಿಸುತ್ತಾರೆ. ಬೀದಿಯ ಇನ್ನೊಂದು ತುದಿಯಲ್ಲಿ ಎದುರಾಗುವುದು ಮಾರಿಯಮ್ಮನ ಗುಡಿ.

ಅದೇ ಪಗೋಡ. ಗುಡಿಯ ಗೋಪುರ ನೋಡಿ ಬಿಳಿಯರು ಅದನ್ನು ಬೌದ್ಧ ಗೋಪುರವೆಂದು ತಪ್ಪು ತಿಳಿದರು, ಹಾಗಾಗಿ ಈ ಹೆಸರು ಎಂಬ ಕಥೆ ಪ್ರವಾಸಿಗರ ನಡುವೆ ಓಡಾಡುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಕಂಪನಿ ಕಾಲದ ಇಂಗ್ಲಿಷ್ ಬಲ್ಲವರು ಒಪ್ಪುವುದು ಕಷ್ಟ. ಆಗ ಹಿಂದೂ ದೇವಸ್ಥಾನಕ್ಕೇ ಇಂಗ್ಲಿಷರು ಪಗೋಡ ಎನ್ನುತ್ತಿದ್ದರು. ಮಹಾಬಲಿಪುರ ಅವರ ಬಾಯಲ್ಲಿ 'ಸೆವೆನ್ ಪಗೋಡಾಸ್'. ನಮ್ಮ ವರಾಹ ನಾಣ್ಯವೂ ಅವರ ಲೆಕ್ಕದ ಪುಸ್ತಕದಲ್ಲಿ ಪಗೋಡವೇ. ಮೇಲಾಗಿ ಇಂದು ಕಾಣುವ ಆರು ಅಂತಸ್ತಿನ ಗೋಪುರ 1925ರದು. ಬೀದಿಯ ಹೆಸರು ಅದಕ್ಕಿಂತ ಹಳೆಯದು. ಅಂದರೆ ಹೆಸರಿಟ್ಟವರು ಒಂದನ್ನು ಇನ್ನೊಂದೆಂದು ತಪ್ಪು ತಿಳಿಯಲಿಲ್ಲ. ಪದದ ಅರ್ಥ ಆಮೇಲೆ ಬದಲಾಯಿತು, ನಾವು ಹೊಸ ಅರ್ಥ ಹಿಡಿದು ಹಳೆಯವರನ್ನು ನೋಡಿ ನಗುತ್ತಿದ್ದೇವೆ.

ಗುಡಿ ಕಟ್ಟಿಸಿದವರು ನಾರಾಯಣ ಪಿಳ್ಳೆ. 1819ರಲ್ಲಿ ಪೆನಾಂಗಿನಿಂದ, ಸಿಂಗಪುರದಲ್ಲಿ ಬ್ರಿಟಿಷ್ ನೆಲೆ ಸ್ಥಾಪಿಸಿದ ರಾಫೆಲ್ಸ್ ಜೊತೆ ಬಂದು, ತಂಜೋಂಗ್ ಪಗಾರ್‌ನಲ್ಲಿ ಇಟ್ಟಿಗೆ ಗೂಡು ಹಾಕಿದ ಮನುಷ್ಯ. ಆದರೂ 1827ರಲ್ಲಿ ಅವರು ಅಮ್ಮನಿಗೆ ಕಟ್ಟಿದ್ದು ಮರ ಮತ್ತು ಗರಿಯ ಗುಡಿಯನ್ನು! ಇಟ್ಟಿಗೆಯ ಕಟ್ಟಡ ಬಂದದ್ದು 1843ರ ಹೊತ್ತಿಗೆ.

ಪಕ್ಕದ ಬೀದಿಗಳ ಹೆಸರನ್ನೂ ಓದಿ ನೋಡಿ. ಪಗೋಡ ಸ್ಟ್ರೀಟಿನ ಒಂದು ಬದಿಗೆ ಮಾಸ್ಕ್ ಸ್ಟ್ರೀಟ್. ತಮಿಳು ಮುಸ್ಲಿಮರಾದ ಚೂಲಿಯಾಗಳು 1826ರಲ್ಲಿ ಸ್ಥಾಪಿಸಿದ ಜಮಾಎ ಮಸೀದಿ ಅದರ ಮೂಲೆಗಿದೆ. ಇನ್ನೊಂದು ಬದಿಗೆ ಟೆಂಪಲ್ ಸ್ಟ್ರೀಟ್, ಆ ಟೆಂಪಲ್ ಕೂಡ ಮಾರಿಯಮ್ಮನದೇ. ಚೈನಾಟೌನಿನ ನಡುಮಧ್ಯೆ ಸಾಲಾಗಿ ಮೂರು ಬೀದಿ, ಒಂದರ ಹೆಸರೂ ಚೀನೀ ದೇವಾಲಯದಿಂದ ಬಂದದ್ದಲ್ಲ. 'ಇಲ್ಲಿ ಚೀನೀಯರು ಬಿಟ್ಟು ಬೇರೆ ಯಾರೂ ಇರಲಿಲ್ಲ' ಎನ್ನುವವರಿಗೆ ಬೀದಿಯ ಫಲಕಗಳೇ ಉತ್ತರ.

ಹಾಗಂತ ಚೀನೀಯರ ಮಾತು ಇಲ್ಲಿ ಕಡಿಮೆಯೆಂದಲ್ಲ. ಅವರು ಈ ಪ್ರದೇಶವನ್ನು ನಿಯು ಚೆ ಶುಯಿ, ಎತ್ತಿನಗಾಡಿ ನೀರು, ಎನ್ನುತ್ತಾರೆ. ಮಲಯರ ಕ್ರೆತಾ ಆಯರ್ ಎಂಬ ಹೆಸರಿಗೂ ನೀರುಗಾಡಿ ಎಂದೇ ಅರ್ಥ. ಬಾವಿಯ ನೀರು ಗಾಡಿಯಲ್ಲಿ ಬರುತ್ತಿದ್ದ ಕಾಲದ ನೆನಪು. ಪಗೋಡ ಸ್ಟ್ರೀಟಿಗೂ ಕ್ಯಾಂಟನೀಯರ ನಾಲಿಗೆಯಲ್ಲಿ ಬೇರೆಯೇ ಹೆಸರು: ಕ್ವಾಂಗ್ ಹಪ್ ಯೂನ್ ಬೀದಿ. 37ನೇ ನಂಬರಿನ ಮನೆಯಲ್ಲಿದ್ದ ಕೂಲಿಗಳ ತಂಗುದಾಣದ ಹೆಸರದು. ಚೀನಾದಿಂದ ಹಡಗಿಳಿದ ಕೂಲಿಯಾಳಿಗೆ ದೇವರ ಗುಡಿಗಿಂತ ಮಲಗುವ ಜಾಗದ ಗುರುತೇ ಮುಖ್ಯವಾಗಿದ್ದಿರಬೇಕು.

ಇನ್ನು ಮನೆಗಳು. 'ಅಪ್ಪಟ ಚೀನೀ ಶೈಲಿ' ಎಂದು ಫೋಟೊದ ಕೆಳಗೆ ಬರೆಯುವ ಮುನ್ನ ಒಂದು ಮುಂಬದಿಯನ್ನು ಮೇಲಿನಿಂದ ಕೆಳಕ್ಕೆ ನೋಡಬೇಕು. ಹೆಂಚು ದಕ್ಷಿಣ ಚೀನಾದ ರೀತಿಯದು. ಸೂರಿನ ಅಂಚಿನ ಮರದ ಜಾಲರಿ ಮಲಯದ್ದು. ಕಿಟಕಿಯ ಪಟ್ಟಿ ಬಾಗಿಲು, ಗೋಡೆಗಂಟಿದ ಗ್ರೀಕ್-ರೋಮನ್ ಕಂಬ ಯುರೋಪಿನವು. ಕೆಳಗೆ ಅಂಗಡಿ, ಮೇಲೆ ಮನೆ. ಮುಂಭಾಗ ಕಿರಿದು, ಒಳಗೆ ಉದ್ದೋ ಉದ್ದ, ನಡುವೆ ಬೆಳಕಿಗೊಂದು ತೊಟ್ಟಿ. ತೊಟ್ಟಿಮನೆ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ, ಇಲ್ಲಿ ಅದೆಲ್ಲ ಇಕ್ಕಟ್ಟು ಅಷ್ಟೇ. ಹಿಂಬದಿಯ ಓಣಿಗಳು ಮಾತ್ರ ಮೂಲದಲ್ಲಿ ಇರಲಿಲ್ಲ. 1907ರಲ್ಲಿ ಸಿಂಪ್ಸನ್ ಎಂಬ ಆರೋಗ್ಯ ತಜ್ಞರು ಇಲ್ಲಿನ ಗಾಳಿಬೆಳಕಿಲ್ಲದ ಕೋಣೆಗಳ ಬಗ್ಗೆ ವರದಿ ಕೊಟ್ಟ ನಂತರವೇ ಬೆನ್ನಿಗೆ ಬೆನ್ನು ಹಚ್ಚಿದ್ದ ಮನೆಗಳ ನಡುವೆ ಓಣಿ ಕೊರೆಯುವ ಕೆಲಸ ಆರಂಭವಾಯಿತು.

ಅಂಗಡಿ ಮುಂದಿನ ನೆರಳಿನ ಜಗಲಿಯನ್ನೂ ಚೀನೀ ಸಂಪ್ರದಾಯವೆಂದು ಭಾವಿಸುವುದುಂಟು. ಅದು ಸರ್ಕಾರದ ಆಜ್ಞೆ. 1822ರ ನಗರ ಯೋಜನೆಯಲ್ಲಿ ರಾಫೆಲ್ಸ್ ಚೀನೀಯರಿಗೆ ನದಿಯ ನೈರುತ್ಯದ ಜಾಗ ಗೊತ್ತುಮಾಡಿದರು. ಬೀದಿಯ ಎರಡೂ ಬದಿಗೆ ಪ್ರತಿ ಮನೆಯ ಮುಂದೆ ಜನ ನಡೆಯಲು ಸೂರಿರುವ ದಾರಿ ತೆರೆದಿರಬೇಕೆಂದೂ ವಿಧಿಸಿದರು. ಐದಡಿ ದಾರಿ ಎಂದು ಅದಕ್ಕೆ ಹೆಸರು, ಅಳತೆ ಎಲ್ಲ ಕಡೆ ಐದಡಿಯೇ ಇಲ್ಲದಿದ್ದರೂ. ನಮ್ಮ ಜಗಲಿಯಲ್ಲಿ ಮನೆಯವರು ಕೂರುತ್ತಾರೆ, ಅಲ್ಲಿ ಊರೆಲ್ಲ ನಡೆಯುತ್ತದೆ. ನಡೆದದ್ದಷ್ಟೇ ಅಲ್ಲ, ಕ್ಷೌರಿಕರು, ಪತ್ರ ಬರೆದುಕೊಡುವವರು ಅಲ್ಲೇ ಕಸುಬು ಹೂಡಿದರು.

ಇಂದಿನ ಬಣ್ಣ, ಇಂದಿನ ಮಳಿಗೆಗಳು ಹಿಂದಿನಿಂದ ಹೀಗೇ ಇದ್ದವು ಎಂಬುದನ್ನಂತೂ ನಂಬಬೇಡಿ. ಬೀದಿಬದಿಯ ವ್ಯಾಪಾರಿಗಳನ್ನು 1983ರಲ್ಲಿ ದೊಡ್ಡ ಕಟ್ಟಡವೊಂದಕ್ಕೆ ಸಾಗಿಸಲಾಯಿತು. ಮನೆಗಳಿಗೆ ಸಂರಕ್ಷಿತ ಸ್ಥಾನ ಸಿಕ್ಕಿದ್ದು 1989ರಲ್ಲಿ; ನೀಲಿ, ಹಳದಿ, ಗುಲಾಬಿಯ ಈ ಅಚ್ಚುಕಟ್ಟು ಅದರ ನಂತರದ್ದು. ಒಂದೇ ಕೋಣೆಯನ್ನು ಹಲಗೆಗಳಿಂದ ಗೂಡುಗಳಾಗಿ ಸೀಳಿ ಹಲವು ಸಂಸಾರ ಬಾಳಿದ ಕತ್ತಲೆಯನ್ನು ಯಾವ ಬಣ್ಣವೂ ತೋರಿಸುವುದಿಲ್ಲ.

ಕೊನೆಗೆ, ಮಾರಿಯಮ್ಮನ ಗುಡಿಯಿರುವ ಸೌತ್ ಬ್ರಿಡ್ಜ್ ರೋಡಿನಲ್ಲೇ ಸ್ವಲ್ಪ ಮುಂದೆ ಬಾಗಿದ ಸೂರುಗಳ ಭಾರಿ ಬೌದ್ಧ ಮಂದಿರವಿದೆ. ಬುದ್ಧನ ದಂತವಿರುವ ಮಂದಿರವೆಂದು ಪ್ರಸಿದ್ಧಿ. 'ನೋಡಿ, ಪಗೋಡ ಇಲ್ಲಿದೆ, ಸಾವಿರ ವರ್ಷದ್ದಿರಬೇಕು' ಎನ್ನುವವರು ಅದರ ಮುಂದೆ ನಿಂತೇ ಫೋಟೊ ತೆಗೆಸಿಕೊಳ್ಳುತ್ತಾರೆ. ಶೈಲಿ ಟ್ಯಾಂಗ್ ವಂಶದ ಕಾಲದ್ದು ನಿಜ; ಬಾಗಿಲು ತೆರೆದದ್ದು 2007ರಲ್ಲಿ. ಮಾರಿಯಮ್ಮ ಅದಕ್ಕಿಂತ 180 ವರ್ಷ ಹಿರಿಯಳು.