ಹೊರೆ ಕಿರಿದಾದರೆ ಪಯಣ ಹಿರಿದು

ಮೈಸೂರಿನಿಂದ ಅರಸೀಕೆರೆಗೆ ಸಾಗುವ ರೈಲುಮಾರ್ಗದಲ್ಲಿ, ಕೃಷ್ಣರಾಜನಗರಕ್ಕೂ ಹೊಳೆನರಸೀಪುರಕ್ಕೂ ನಡುವೆ ಅಕ್ಕಿಹೆಬ್ಬಾಳು ನಿಲ್ದಾಣವಿದೆ. ಇಲ್ಲಿಂದ ಹಾಸನ, ಅರಸೀಕೆರೆ, ಹುಬ್ಬಳ್ಳಿಗಳಲ್ಲಿ ಇಳಿದಿಳಿದು ಪ್ರವಾಸ ಮಾಡಬಯಸುವ ಸಂಸಾರವು ಮೊದಲು ತೂಗಿ ನೋಡಬೇಕಾದುದು ಸಾಮಾನನ್ನು. ಎರಡನೆಯ ದರ್ಜೆಯಲ್ಲಿ ತಲಾ 35 ಕಿಲೋ ಉಚಿತವೇನೋ ಸರಿ. ಆದರೆ ಸಣ್ಣ ನಿಲ್ದಾಣಗಳಲ್ಲಿ ಗಾಡಿ ನಿಲ್ಲುವುದು ಅಲ್ಪಕಾಲ. ಅಷ್ಟರಲ್ಲಿ ಹತ್ತಿಸಬೇಕಾದುದು ಮಕ್ಕಳನ್ನೋ, ಪೆಟ್ಟಿಗೆಗಳನ್ನೋ?

ಹಾಸನದಲ್ಲಿ ಬಿಡಾರ ಹೂಡಿ, ಹೊರೆಯನ್ನು ಅಲ್ಲಿಯೇ ಇರಿಸಿ, ಬೇಲೂರು ಹಳೇಬೀಡುಗಳನ್ನು ಬಸ್ಸಿನಲ್ಲಿ ಹೋಗಿ ಬರಿಗೈಯಲ್ಲಿ ನೋಡಿಬರುವುದು ಜಾಣತನ. ಅರಸೀಕೆರೆಯಲ್ಲಿ ಇಳಿದವರಿಗೆ ಹೊಯ್ಸಳರ ಕಾಲದ ಶಿವಾಲಯದ ದರ್ಶನವಾಗುತ್ತದೆ. ಮುಂದೆ ಹುಬ್ಬಳ್ಳಿ, ಅಲ್ಲಿ 2023ರಲ್ಲಿ ಉದ್ಘಾಟನೆಗೊಂಡ ಪ್ಲಾಟ್‌ಫಾರಂ 1,507 ಮೀಟರ್ ಉದ್ದ! ಅಷ್ಟು ದೂರ ಹೊತ್ತು ನಡೆಯಲಾಗದ ಪೆಟ್ಟಿಗೆಗೆ ಮನೆಯ ಅಟ್ಟವೇ ಸರಿಯಾದ ಸ್ಥಳ.