ಅಂಗಡಿಯ ಹೆಸರಿನ ಕಾರ್ಡು: ಲಾಭ ಯಾರಿಗೆ?

ಅಮೆರಿಕದ ಡಲ್ಲಾಸಿನಲ್ಲಿ 1907ರಲ್ಲಿ ಶುರುವಾದ ನೀಮನ್ ಮಾರ್ಕಸ್ ಸಿರಿವಂತರ ಅಂಗಡಿ. 2010ರ ಆಸುಪಾಸಿನವರೆಗೂ ಅಲ್ಲಿ ವೀಸಾ ಕಾರ್ಡಾಗಲಿ ಮಾಸ್ಟರ್‌ಕಾರ್ಡಾಗಲಿ ನಡೆಯುತ್ತಿರಲಿಲ್ಲ. ನಗದು, ಚೆಕ್ಕು ಬಿಟ್ಟರೆ ಅಮೆರಿಕನ್ ಎಕ್ಸ್‌ಪ್ರೆಸ್, ಇಲ್ಲವೇ ಅಂಗಡಿಯದೇ ಕಾರ್ಡು. ಸಾವಿರಾರು ಡಾಲರಿನ ಕೋಟು ಮಾರುವವರು ದುಡ್ಡು ತೆಗೆದುಕೊಳ್ಳುವುದಕ್ಕೆ ಇಷ್ಟು ಬಿಗುಮಾನ ಮಾಡುತ್ತಿದ್ದರು. ಗಿರಾಕಿಯ ಪರ್ಸಿನಲ್ಲಿ ತಮ್ಮ ಹೆಸರಿನ ಕಾರ್ಡು ಇರಲಿ ಎಂಬ ಆಸೆ ಈ ಅಂಗಡಿಗಳಿಗೆ ಅಷ್ಟು ಬಲವಾದದ್ದು. ಈಗ ಅಲ್ಲಿ ಯಾವ ಕಾರ್ಡಾದರೂ ನಡೆಯುತ್ತದೆ. ಆದರೆ ಬಿಲ್ಲು ಹಾಕುವಾಗ ‘ನಮ್ಮ ಕಾರ್ಡು ಮಾಡಿಸಿಕೊಳ್ಳುತ್ತೀರಾ’ ಎಂಬ ಪ್ರಶ್ನೆ ಮಾತ್ರ ತಪ್ಪುವುದಿಲ್ಲ.

ಈ ಪ್ರಶ್ನೆ ನಮ್ಮವರ ಕಿವಿಗೂ ಬೀಳುತ್ತದೆ. ಸ್ಯಾನ್ ಹೋಸೆಯ ವ್ಯಾಲಿ ಫೇರ್ ಮಾಲಿನಲ್ಲಿ ನಾರ್ಡ್‌ಸ್ಟ್ರಾಮ್, ಬ್ಲೂಮಿಂಗ್‌ಡೇಲ್ಸ್ ಎರಡೂ ಇವೆ. ಸಾಫ್ಟ್‌ವೇರ್ ಕೆಲಸಕ್ಕೆಂದು ಆ ಕಡೆ ಹೋಗಿ ನೆಲೆಸಿದ ಕನ್ನಡದ ಮನೆಗಳವರು ಮಕ್ಕಳ ಶೂ, ಚಳಿಗಾಲದ ಜಾಕೆಟ್ಟು, ಊರಿಗೆ ಹೊರಟಾಗ ಕೊಡಲು ಸೆಂಟಿನ ಬಾಟಲಿ ಎಂದು ಇಂಥ ಕಡೆ ಹೊಕ್ಕು ಬರುತ್ತಾರೆ. ಕೌಂಟರಿನಲ್ಲಿ ಹಿಂದೆ ನಾಲ್ಕು ಜನ ಸಾಲು ನಿಂತಿರುವಾಗ ಮಾರಾಟದ ಹುಡುಗಿ ನಗುನಗುತ್ತಾ ಹೇಳುತ್ತಾಳೆ: ಈಗಲೇ ಅರ್ಜಿ ಹಾಕಿದರೆ ಇವತ್ತಿನ ಬಿಲ್ಲಿನಲ್ಲೇ ಇಷ್ಟು ಡಾಲರ್ ಬಿಡುತ್ತೇವೆ, ಎರಡು ನಿಮಿಷದ ಕೆಲಸ. ಬೇಡ ಎನ್ನಲು ಸಂಕೋಚ, ಹೂಂ ಎನ್ನಲು ಅನುಮಾನ. ಆ ಎರಡು ನಿಮಿಷದಲ್ಲಿ ಮಾಡಲಾಗದ ಲೆಕ್ಕವನ್ನು ಇಲ್ಲಿ ನಿಧಾನವಾಗಿ ಮಾಡೋಣ.

ಉದ್ರಿ ಪುಸ್ತಕ ಬ್ಯಾಂಕಿನ ಕೈಗೆ

ಅಂಗಡಿ ಕಾರ್ಡು ಬ್ಯಾಂಕ್ ಕಾರ್ಡಿಗಿಂತ ಹಳೆಯದು. ಡೈನರ್ಸ್ ಕ್ಲಬ್ ಬಂದದ್ದು 1950ರಲ್ಲಿ, ಮುಂದೆ ವೀಸಾ ಆದ ಬ್ಯಾಂಕ್‌ಅಮೆರಿಕಾರ್ಡ್ ಬಂದದ್ದು 1958ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಅಮೆರಿಕದ ದೊಡ್ಡ ಅಂಗಡಿಗಳು ನಂಬಿಕಸ್ಥ ಗಿರಾಕಿಗಳಿಗೆ ಉದ್ರಿ ಖಾತೆ ತೆರೆದು, ಗುರುತಿಗೆ ನಂಬರು ಒತ್ತಿದ ಲೋಹದ ಬಿಲ್ಲೆ ಕೊಡುತ್ತಿದ್ದವು. 1930ರ ದಶಕದ ಹೊತ್ತಿಗೆ ಹೆಸರು, ವಿಳಾಸ ಉಬ್ಬಿಸಿ ಒತ್ತಿದ ‘ಚಾರ್ಜಾ ಪ್ಲೇಟ್’ ಎಂಬ ಪುಟ್ಟ ತಗಡು ಬಂತು. ಮೂಲೆಯ ಕಿರಾಣಿ ಅಂಗಡಿಯವರು ತಿಂಗಳ ಸಾಮಾನು ಬರೆದುಕೊಂಡು ಸಂಬಳದ ದಿನ ವಸೂಲಿ ಮಾಡುತ್ತಿದ್ದುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಉದ್ರಿ ಇರುವ ಮನೆಯವರು ಎದುರಿನ ಅಂಗಡಿಗೆ ಹೋಗುವುದಿಲ್ಲ ಎನ್ನುವುದೇ ಅದರ ಲಾಭ.

ಇನ್ನೊಂದು ವಿಷಯ ಇಲ್ಲಿ ಹೇಳಿಬಿಡಬೇಕು. ಈ ಅಂಗಡಿಗಳ ವ್ಯಾಪಾರ ಹೆಚ್ಚಾಗಿ ನಡೆಯುತ್ತಿದ್ದುದು ಹೆಂಗಸರಿಂದ. ಖಾತೆ ಮಾತ್ರ ಎಷ್ಟೋ ಕಡೆ ಗಂಡನ ಹೆಸರಿನಲ್ಲಿ. ಹೆಣ್ಣೆಂಬ ಕಾರಣಕ್ಕೆ, ಮದುವೆ ಆಗಿದೆ ಅಥವಾ ಆಗಿಲ್ಲ ಎಂಬ ಕಾರಣಕ್ಕೆ ಸಾಲ ನಿರಾಕರಿಸಕೂಡದು ಎಂಬ ಕಾನೂನು ಅಮೆರಿಕದಲ್ಲಿ ಬಂದದ್ದು 1974ರಲ್ಲಿ.

ಆಮೇಲೆ ಅಂಗಡಿಗಳು ಉದ್ರಿ ಪುಸ್ತಕವನ್ನೇ ಬ್ಯಾಂಕುಗಳಿಗೆ ಮಾರಿದವು. ನೀಮನ್ ಮಾರ್ಕಸ್ 2005ರಲ್ಲಿ ತನ್ನ ಕಾರ್ಡು ವ್ಯವಹಾರವನ್ನು ಎಚ್‌ಎಸ್‌ಬಿಸಿಗೆ ಕೊಟ್ಟಿತು, 2012ರಲ್ಲಿ ಅದು ಕ್ಯಾಪಿಟಲ್ ಒನ್ ಪಾಲಾಯಿತು. ನಾರ್ಡ್‌ಸ್ಟ್ರಾಮ್ ತನ್ನದನ್ನು 2015ರಲ್ಲಿ ಟಿಡಿ ಬ್ಯಾಂಕಿಗೆ ಮಾರಿತು. ಬ್ಲೂಮಿಂಗ್‌ಡೇಲ್ಸ್ ಕಾರ್ಡಿನ ಹಿಂದಿರುವುದು ಸಿಟಿಬ್ಯಾಂಕ್. ಕಾರ್ಡಿನ ಮೇಲೆ ಅಂಗಡಿಯ ಹೆಸರು ಎಷ್ಟೇ ಅಂದವಾಗಿ ಅಚ್ಚಾಗಿರಲಿ, ಸಾಲ ಕೊಡುವುದು, ಬಡ್ಡಿ ಕಟ್ಟಿಸಿಕೊಳ್ಳುವುದು ಬ್ಯಾಂಕು. ಬಂದದ್ದರಲ್ಲಿ ಒಂದು ಪಾಲು ಅಂಗಡಿಗೆ. ಆ ಪಾಲು ಸಣ್ಣದಲ್ಲ. ಬ್ಲೂಮಿಂಗ್‌ಡೇಲ್ಸಿನ ಒಡೆತನವಿರುವ ಮೇಸೀಸ್ ಕಂಪನಿಗೆ 2022ರ ಲೆಕ್ಕದ ವರ್ಷದಲ್ಲಿ ಕಾರ್ಡುಗಳಿಂದಲೇ ಬಂದದ್ದು 86.3 ಕೋಟಿ ಡಾಲರ್. ಸಾಲ ತೀರಿಸದವರು ಹೆಚ್ಚಾದ ಮರುವರ್ಷ ಅದು 61.9 ಕೋಟಿಗೆ ಇಳಿಯಿತು. ಕೌಂಟರಿನ ಹುಡುಗಿ ಬಟ್ಟೆ ಮಾರಿದಷ್ಟೇ ಮುತುವರ್ಜಿಯಿಂದ ಕಾರ್ಡು ಮಾರುವುದೇಕೆ ಎಂದು ಇನ್ನು ಬಿಡಿಸಿ ಹೇಳಬೇಕಿಲ್ಲ.

ಕೊಸರು ಎಷ್ಟು?

ಇನ್ನು ಗಿರಾಕಿಗೆ ಸಿಗುವ ಕೊಸರು. ನೀಮನ್ ಮಾರ್ಕಸ್ 1984ರಲ್ಲಿ ‘ಇನ್‌ಸರ್ಕಲ್’ ಎಂಬ ಯೋಜನೆ ತಂದಿತು. ಐಷಾರಾಮಿ ಅಂಗಡಿಗಳ ಇಂಥ ಯೋಜನೆಗಳಲ್ಲಿ ಮೊದಲ ಸಾಲಿನದು ಅದು. ಬಹಳ ವರ್ಷ ಅದರ ಲೆಕ್ಕ ಹೀಗಿತ್ತು: ಒಂದು ಡಾಲರಿಗೆ 2 ಪಾಯಿಂಟು, 10,000 ಪಾಯಿಂಟು ಕೂಡಿದರೆ 100 ಡಾಲರಿನ ಉಡುಗೊರೆ ಕಾರ್ಡು. ಕೇಳಲು ಸೊಗಸು. ಬಿಡಿಸಿ ನೋಡಿದರೆ 5,000 ಡಾಲರ್ ಖರ್ಚು ಮಾಡಿದವರಿಗೆ 100 ಡಾಲರ್, ಅಂದರೆ ಶೇ. 2. ಅದನ್ನೂ ಅದೇ ಅಂಗಡಿಯಲ್ಲೇ ಖರ್ಚು ಮಾಡಬೇಕು. ಇಷ್ಟೇ ಶೇ. 2ನ್ನು ನಗದಾಗಿ, ಯಾವ ಅಂಗಡಿಯಲ್ಲಿ ಕೊಂಡರೂ ಕೊಡುವ, ವಾರ್ಷಿಕ ಶುಲ್ಕವೂ ಇಲ್ಲದ ಕಾರ್ಡುಗಳು ಅಮೆರಿಕದಲ್ಲಿ ಬೇಕಾದಷ್ಟಿವೆ. ಸಿಟಿಯ ಡಬಲ್ ಕ್ಯಾಶ್ 2014ರಿಂದ ಇದೆ, ವೆಲ್ಸ್ ಫಾರ್ಗೋದ ಆಕ್ಟಿವ್ ಕ್ಯಾಶ್ 2021ರಲ್ಲಿ ಬಂತು. ಅಲ್ಲಿ ಬಂದ ದುಡ್ಡಿನಲ್ಲಿ ಅಕ್ಕಿ ಬೇಳೆ ತರಬಹುದು.

ನಾರ್ಡ್‌ಸ್ಟ್ರಾಮ್ ಉದಾಹರಣೆ ಇನ್ನೂ ಸ್ವಾರಸ್ಯದ್ದು. 2018ರಲ್ಲಿ ಬಂದ ಅದರ ‘ನಾರ್ಡಿ ಕ್ಲಬ್’ ಸೇರಲು ಕಾರ್ಡೇ ಬೇಕಿಲ್ಲ, ಫೋನ್ ನಂಬರು ಕೊಟ್ಟರೆ ಸಾಕು. ಈಚಿನ ವರ್ಷಗಳ ನಿಯಮದ ಪ್ರಕಾರ ಕಾರ್ಡಿಲ್ಲದ ಸದಸ್ಯರಿಗೆ ಡಾಲರಿಗೆ 1 ಪಾಯಿಂಟು, ಕಾರ್ಡಿದ್ದವರಿಗೆ ಕೆಳಗಿನ ಹಂತದಲ್ಲಿ 2. ಎರಡು ಸಾವಿರ ಪಾಯಿಂಟಿಗೆ 20 ಡಾಲರಿನ ‘ನೋಟ್’. ವರ್ಷಕ್ಕೆ 2,000 ಡಾಲರ್ ವ್ಯಾಪಾರ ಮಾಡುವ ಮನೆಯೊಂದನ್ನು ನೋಡೋಣ. ಅಂಗಡಿಯ ಕಾರ್ಡಿನಿಂದ ಅವರಿಗೆ ಬರುವುದು 40 ಡಾಲರಿನ ನೋಟು. ಕಾರ್ಡು ಮಾಡಿಸದೆ, ಬರೀ ಸದಸ್ಯರಾಗಿದ್ದುಕೊಂಡು ಶೇ. 2 ನಗದು ಕೊಡುವ ಬ್ಯಾಂಕ್ ಕಾರ್ಡನ್ನು ಉಜ್ಜಿದರೆ? ನೋಟಿನ ಲೆಕ್ಕದಲ್ಲಿ 20, ನಗದಿನ ಲೆಕ್ಕದಲ್ಲಿ 40, ಒಟ್ಟು 60. ಅಂಗಡಿಯ ಕಾರ್ಡು ತನ್ನ ಅಂಗಡಿಯಲ್ಲೇ ಸೋತಿತು. ಹೆಚ್ಚು ಖರ್ಚು ಮಾಡಿ ಮೇಲಿನ ಹಂತಕ್ಕೆ ಏರಿದವರಿಗೆ ಡಾಲರಿಗೆ 3 ಪಾಯಿಂಟಾಗಿ ಎರಡೂ ಸರಿಸಮ ಆಗಬಹುದು. ಈ ನಿಯಮಗಳು ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ದಿನದ ಷರತ್ತುಗಳನ್ನು ಇಟ್ಟುಕೊಂಡು ಲೆಕ್ಕವನ್ನು ಹೊಸದಾಗಿ ಮಾಡಬೇಕು.

ಆ ಮೇಲಿನ ಹಂತಗಳೇ ನಿಜವಾದ ಗಾಳ. ಡಿಸೆಂಬರು ಬಂತು, ಇನ್ನು 300 ಡಾಲರ್ ಖರ್ಚು ಮಾಡಿದರೆ ಮುಂದಿನ ಹಂತ ಎಂದು ಮಿಂಚಂಚೆ ಬರುತ್ತದೆ. ಬೇಡದ ಸ್ವೆಟರು ಬೀರು ಸೇರುವುದು ಆಗಲೇ. ಕೊಂಡದ್ದನ್ನು ಹಿಂತಿರುಗಿಸಿದರೆ ಪಾಯಿಂಟೂ ಹಿಂದಕ್ಕೆ ಹೋಗುತ್ತದೆ. ಇನ್ನು ಪಾಯಿಂಟಾಗಲಿ ಮೊದಲ ದಿನದ ರಿಯಾಯಿತಿಯಾಗಲಿ ಯಾವುದಕ್ಕೆಲ್ಲ ಇಲ್ಲ ಎಂಬ ಪಟ್ಟಿ ಷರತ್ತಿನ ಸಣ್ಣಕ್ಷರದಲ್ಲಿ ಇರುತ್ತದೆ. ಹೆಸರಾಂತ ಫ್ರೆಂಚ್, ಇಟಾಲಿಯನ್ ಬ್ರ್ಯಾಂಡುಗಳು ಎಷ್ಟೋ ಕಡೆ ದೊಡ್ಡ ಅಂಗಡಿಯೊಳಗೆ ಬಾಡಿಗೆ ಜಾಗದಲ್ಲಿ ತಮ್ಮದೇ ಮಳಿಗೆ ನಡೆಸುತ್ತವೆ. ಯಾವ ಬ್ಯಾಗಿಗಾಗಿ ಕಾರ್ಡು ಮಾಡಿಸಿದೆವೋ ಆ ಬ್ಯಾಗೇ ಪಟ್ಟಿಯಲ್ಲಿದ್ದರೆ ಕಾರ್ಡು ಮಾಡಿಸಿದ್ದು ದಂಡ.

ಉಡುಗೊರೆ ಕಾರ್ಡಿನ ಬಗ್ಗೆ ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. 2009ರ ಕ್ರೆಡಿಟ್ ಕಾರ್ಡು ಕಾನೂನಿನ ಪ್ರಕಾರ ದುಡ್ಡು ಕೊಟ್ಟು ಕೊಂಡ ಉಡುಗೊರೆ ಕಾರ್ಡು ಕನಿಷ್ಠ ಐದು ವರ್ಷ ಚಾಲ್ತಿಯಲ್ಲಿರಬೇಕು. ಪಾಯಿಂಟಿಗೆ ಬದಲಾಗಿ, ಬಹುಮಾನವಾಗಿ ಕೊಡುವ ಕಾರ್ಡಿಗೆ ಈ ರಕ್ಷಣೆ ಇಲ್ಲ. ಅದರ ಅವಧಿ ಕೆಲವೇ ತಿಂಗಳಿಗೆ ಮುಗಿದುಹೋದರೂ ಕೇಳುವಂತಿಲ್ಲ. ಅಂಗಡಿಯೇ ದಿವಾಳಿ ಎದ್ದರಂತೂ ಕೂಡಿಟ್ಟ ಪಾಯಿಂಟು ಗಾಳಿಗೆ. ಇದು ಬರೀ ಊಹೆಯ ಮಾತಲ್ಲ. ನ್ಯೂಯಾರ್ಕಿನ ಬಾರ್ನೀಸ್ 2019ರಲ್ಲಿ ದಿವಾಳಿ ಅರ್ಜಿ ಹಾಕಿ ಮರುವರ್ಷ ಮುಚ್ಚಿತು. 1826ರಷ್ಟು ಹಳೆಯ ಲಾರ್ಡ್ ಆ್ಯಂಡ್ ಟೇಲರ್ 2020ರಲ್ಲಿ ಅದೇ ದಾರಿ ಹಿಡಿಯಿತು. ಅದೇ ವರ್ಷ ನೀಮನ್ ಮಾರ್ಕಸ್ ಕೂಡ ನ್ಯಾಯಾಲಯದ ಮೆಟ್ಟಿಲೇರಿ ಕೆಲವು ತಿಂಗಳಲ್ಲಿ ಚೇತರಿಸಿಕೊಂಡಿತು, 2024ರ ಕೊನೆಯಲ್ಲಿ ಸ್ಯಾಕ್ಸ್ ಎಂಬ ಇನ್ನೊಂದು ಐಷಾರಾಮಿ ಅಂಗಡಿಯ ಒಡೆಯರ ಕೈಸೇರಿತು. ಪಾಯಿಂಟನ್ನು ಬ್ಯಾಂಕಿನ ಠೇವಣಿಯಂತೆ ವರ್ಷಗಟ್ಟಲೆ ಕೂಡಿಡುವವರು ಈ ಚರಿತ್ರೆ ನೆನಪಿಟ್ಟುಕೊಂಡರೆ ಒಳ್ಳೆಯದು.

ಬಡ್ಡಿ ಬಂದರೆ ಲೆಕ್ಕವೇ ಬೇರೆ

ಇಲ್ಲಿಯವರೆಗೆ ಹೇಳಿದ್ದೆಲ್ಲ ಪ್ರತಿ ತಿಂಗಳ ಬಿಲ್ಲನ್ನೂ ಗಡುವಿನೊಳಗೆ ಪೂರ್ತಿ ಕಟ್ಟುವವರ ಮಾತು. ಬಾಕಿ ಉಳಿಸುವವರಿಗೆ ಇಲ್ಲಿ ಲೆಕ್ಕ ಹಾಕುವುದಕ್ಕೆ ಏನೂ ಉಳಿಯುವುದಿಲ್ಲ. ಅಂಗಡಿ ಕಾರ್ಡುಗಳ ವಾರ್ಷಿಕ ಬಡ್ಡಿ ಈಗ ಸಾಮಾನ್ಯವಾಗಿ ಶೇ. 30ರ ಮೇಲೆ.

3,000 ಡಾಲರಿನ ಕೈಚೀಲ ಕೊಂಡು ತಿಂಗಳಿಗೆ 100 ಡಾಲರಿನಂತೆ ತೀರಿಸುತ್ತಾ ಹೋದರೆ ಏನಾಗುತ್ತದೆ ನೋಡಿ. ಬಡ್ಡಿ ಶೇ. 30 ಎಂದೇ ಇಟ್ಟುಕೊಂಡರೂ ತಿಂಗಳಿಗೆ ಎರಡೂವರೆ ಆಯಿತು. ಮೊದಲ ಕಂತಿನ ನೂರರಲ್ಲಿ 75 ಡಾಲರ್ ಬಡ್ಡಿಗೇ ಹೋಗಿ ಅಸಲಿಗೆ ಸಲ್ಲುವುದು 25. ಸಾಲ ತೀರಲು ನಾಲ್ಕು ಮುಕ್ಕಾಲು ವರ್ಷ ಹತ್ತಿರ ಬೇಕು. ಒಟ್ಟು ಕಟ್ಟಿದ್ದು ಸುಮಾರು 5,600 ಡಾಲರ್. ಆ ಖರೀದಿಗೆ ಪಾಯಿಂಟಿನ ರೂಪದಲ್ಲಿ ಬಂದ ಕೊಸರು 60 ಡಾಲರ್, ಮೊದಲ ತಿಂಗಳ ಬಡ್ಡಿಗೂ ಸಾಲದು. ಗಡುವು ತಪ್ಪಿದರೆ ದಂಡ ಬೇರೆ.

ಇಷ್ಟು ಬಡ್ಡಿಗೆ ಕಾನೂನು ಹೇಗೆ ಒಪ್ಪುತ್ತದೆ? ಅಮೆರಿಕದ ಅನೇಕ ರಾಜ್ಯಗಳಲ್ಲಿ ಬಡ್ಡಿಗೆ ಮಿತಿ ಇದೆ. ಆದರೆ ಬ್ಯಾಂಕು ತಾನು ನೆಲೆಸಿರುವ ರಾಜ್ಯದ ದರವನ್ನೇ ಬೇರೆ ರಾಜ್ಯದ ಗಿರಾಕಿಗೂ ಹಾಕಬಹುದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1978ರಲ್ಲಿ ಹೇಳಿತು. ಸೌತ್ ಡಕೋಟ ರಾಜ್ಯ ಮಿತಿಯನ್ನೇ ಕಿತ್ತುಹಾಕಿತು, ಸಿಟಿಬ್ಯಾಂಕ್ ತನ್ನ ಕಾರ್ಡು ವ್ಯವಹಾರವನ್ನು ಆ ರಾಜ್ಯದ ಸೂ ಫಾಲ್ಸ್ ಊರಿಗೆ ಸಾಗಿಸಿತು. ನ್ಯೂಯಾರ್ಕಿನಲ್ಲಿ ಕೋಟು ಕೊಂಡವರು ಸೌತ್ ಡಕೋಟದ ಬಡ್ಡಿ ಕಟ್ಟುವುದು ಹೀಗೆ.

ನಮ್ಮಲ್ಲಿಯೂ ಬೀಗಬೇಕಾದ್ದೇನಿಲ್ಲ. ಭಾರತದ ಮಾಲುಗಳಲ್ಲಿ ಅಂಗಡಿಯ ಹೆಸರಿನಲ್ಲಿ ಸಿಗುವುದು ಸಾಮಾನ್ಯವಾಗಿ ಬ್ಯಾಂಕಿನೊಡನೆ ಸೇರಿ ಕೊಡುವ ಜೋಡಿ ಹೆಸರಿನ ಕಾರ್ಡು. ಅದರ ಬಾಕಿಗೆ ತಿಂಗಳಿಗೆ ಶೇ. 3.5ರಷ್ಟು ಬಡ್ಡಿ, ಎಂದರೆ ವರ್ಷಕ್ಕೆ ನಲವತ್ತು ದಾಟುತ್ತದೆ, ಮೇಲೆ ಜಿಎಸ್‌ಟಿ. ವರ್ಷಕ್ಕೆ ಶೇ. 30 ಮೀರಬಾರದು ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕೊಟ್ಟಿದ್ದ ತೀರ್ಪನ್ನು ನಮ್ಮ ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ತಳ್ಳಿಹಾಕಿತು.

ಹೊಸದಾಗಿ ಹೋದವರಿಗೆ

ಅಮೆರಿಕಕ್ಕೆ ಈಗಷ್ಟೇ ಹೋದವರಿಗೆ ಅಲ್ಲಿ ಸಾಲದ ಚರಿತ್ರೆ ಇರುವುದಿಲ್ಲ. ಒಳ್ಳೆಯ ಬ್ಯಾಂಕ್ ಕಾರ್ಡು ಸಿಗದಿದ್ದಾಗ ಅಂಗಡಿ ಕಾರ್ಡು ಸುಲಭವಾಗಿ ಸಿಕ್ಕೀತು, ಅದರಿಂದ ಕ್ರೆಡಿಟ್ ಸ್ಕೋರು ಬೆಳೆಸಿಕೊಳ್ಳಿ ಎಂಬ ಸಲಹೆ ಗೆಳೆಯರ ಬಳಗದಲ್ಲಿ ಓಡಾಡುತ್ತಿರುತ್ತದೆ. ಅರ್ಧ ಸರಿ. ಸ್ಕೋರಿನಲ್ಲಿ ಹೊತ್ತಿಗೆ ಸರಿಯಾಗಿ ಕಟ್ಟಿದ್ದಕ್ಕೆ ಶೇ. 35ರಷ್ಟು ತೂಕ, ಸಾಲ ಎಷ್ಟಿದೆ ಎಂಬುದಕ್ಕೆ ಶೇ. 30. ಈ ಎರಡನೆಯದರಲ್ಲಿ ಅಂಗಡಿ ಕಾರ್ಡು ಕಾಲೆಳೆಯುತ್ತದೆ. ಹೊಸಬರಿಗೆ ಅದರ ಮಿತಿ ಸಣ್ಣದು. 500 ಡಾಲರ್ ಮಿತಿಯ ಕಾರ್ಡಿನಲ್ಲಿ 400 ಡಾಲರಿನ ಕೋಟೊಂದನ್ನು ಕೊಂಡರೆ ಶೇ. 80 ಬಳಸಿದಂತಾಯಿತು, ಸ್ಕೋರು ಇಳಿಯಿತು. ಠೇವಣಿ ಇಟ್ಟು ಪಡೆಯುವ ಬ್ಯಾಂಕ್ ಕಾರ್ಡಿನಿಂದ ದಿನಸಿ, ಪೆಟ್ರೋಲು ಕೊಂಡು ತಿಂಗಳು ತಿಂಗಳು ಪೂರ್ತಿ ಕಟ್ಟುವುದು ನನ್ನ ಮಟ್ಟಿಗೆ ಇದಕ್ಕಿಂತ ಮೇಲು. ಮನೆ ಸಾಲಕ್ಕೆ ಅರ್ಜಿ ಹಾಕುವ ತಯಾರಿಯಲ್ಲಿರುವವರು ಆ ಸಮಯಕ್ಕೆ ಯಾವ ಕೌಂಟರಿನಲ್ಲೂ ಹೂಂ ಎನ್ನದಿರುವುದು ಕ್ಷೇಮ. ಪ್ರತಿ ಅರ್ಜಿಯ ವಿಚಾರಣೆಯೂ ಎರಡು ವರ್ಷ ಕ್ರೆಡಿಟ್ ವರದಿಯಲ್ಲಿ ಉಳಿಯುತ್ತದೆ.

ಹಾಗಾದರೆ ಯಾರಿಗೆ?

ಕೆಲವರಿಗೆ ನಿಜವಾಗಿಯೂ ಉಪಯೋಗವಿದೆ. ನಾರ್ಡ್‌ಸ್ಟ್ರಾಮ್ ಕಾರ್ಡಿದ್ದವರಿಗೆ ಬಟ್ಟೆ ತಿದ್ದಿಸಿಕೊಳ್ಳುವ ಖರ್ಚನ್ನು ಹಂತಕ್ಕೆ ತಕ್ಕಂತೆ ಒಂದು ಮಿತಿಯವರೆಗೆ ಅಂಗಡಿಯೇ ಹೊರುತ್ತದೆ. ಅಮೆರಿಕದ ಸಿದ್ಧ ಉಡುಪಿನ ಪ್ಯಾಂಟು ನಮ್ಮವರಿಗೆ ಕಾಲು ಉದ್ದ, ಕೋಟಿನ ತೋಳು ಅಂಗೈ ಮುಚ್ಚುತ್ತದೆ. ಅಲ್ಲಿ ದರ್ಜಿಯ ಕೈಗೆ ಕೊಟ್ಟರೆ ಪ್ರತಿ ಹೊಲಿಗೆಗೂ ಡಾಲರು. ಆಫೀಸಿಗೆ ಸೂಟು ಧರಿಸಲೇಬೇಕಾದ ವಕೀಲರಿಗೋ ಬ್ಯಾಂಕಿನವರಿಗೋ ಈ ಒಂದೇ ಸೌಲಭ್ಯ ಪಾಯಿಂಟನ್ನೆಲ್ಲ ಮೀರಿಸೀತು. ಬೇಸಿಗೆಯ ವಾರ್ಷಿಕ ಮಾರಾಟಕ್ಕೆ ಕಾರ್ಡಿನವರನ್ನು ಉಳಿದವರಿಗಿಂತ ಮೊದಲು ಒಳಗೆ ಬಿಡುತ್ತಾರೆ, ತಮ್ಮ ಅಳತೆಯ ಶೂ ಖಾಲಿಯಾಗುವ ಮೊದಲೇ ಸಿಗುತ್ತದೆ. ಕಡಿಮೆ ಬೆಲೆಯ ನಾರ್ಡ್‌ಸ್ಟ್ರಾಮ್ ರ‍್ಯಾಕ್‌ನಲ್ಲೂ ಪಾಯಿಂಟು ಸೇರುತ್ತದೆ.

ತೀರ್ಮಾನಕ್ಕೆ ಬೇಕಾದ ಕಾಗದ ಒಂದೇ: ಹೋದ ವರ್ಷದ ಬ್ಯಾಂಕ್ ಲೆಕ್ಕಪಟ್ಟಿ. ಕಾರ್ಡೇ ಇಲ್ಲದಿದ್ದಾಗ ಆ ಅಂಗಡಿಯಲ್ಲಿ ಎಷ್ಟು ಖರ್ಚಾಗಿತ್ತೋ ಅದರಿಂದ ಲೆಕ್ಕ ಶುರುವಾಗಬೇಕು. ಮುಂದಿನ ವರ್ಷ ಎಷ್ಟು ಮಾಡುತ್ತೇವೆ ಎಂಬ ಅಂದಾಜು ಕಾರ್ಡು ಕೈಗೆ ಬಂದ ಕೂಡಲೇ ಉಬ್ಬುತ್ತದೆ, ಅದನ್ನು ನಂಬುವಂತಿಲ್ಲ. ಆ ಮೊತ್ತ ಕೆಲವು ನೂರು ಡಾಲರ್ ಆಗಿದ್ದರೆ ಬೇಡ. ಒಂದೆರಡು ಸಾವಿರವಿದ್ದು ಹೊಲಿಗೆಯ ಸೌಲಭ್ಯ ಬೇಕಿಲ್ಲದಿದ್ದರೆ ಪುಕ್ಕಟೆ ಸದಸ್ಯತ್ವ ಸಾಕು. ದೊಡ್ಡ ಖರೀದಿಯೊಂದು ಹೇಗೂ ಆಗಲೇಬೇಕಿದ್ದು ಮೊದಲ ದಿನದ ರಿಯಾಯಿತಿಯೇ ನೂರಿನ್ನೂರು ಡಾಲರ್ ಆಗುವಂತಿದ್ದರೆ, ಆ ವಸ್ತು ಹೊರಗಿಟ್ಟ ಪಟ್ಟಿಯಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡು ಮಾಡಿಸಬಹುದು. ಮಾಡಿಸಿದ ದಿನವೇ ಬ್ಯಾಂಕ್ ಖಾತೆಯಿಂದ ಪೂರ್ತಿ ಬಾಕಿ ತಾನಾಗಿ ಕಡಿತವಾಗುವ ಏರ್ಪಾಡು ಮಾಡಿಕೊಳ್ಳಬೇಕು. ‘ಕನಿಷ್ಠ ಮೊತ್ತ’ ಎಂಬ ಗುಂಡಿಯನ್ನು ಒತ್ತಬಾರದು. ಕೆಲಸ ಮುಗಿದ ಮೇಲೆ ಬೇಡವೆನಿಸಿದರೆ ಉಳಿದ ನೋಟುಗಳನ್ನು ಮೊದಲು ಖರ್ಚು ಮಾಡಿ, ಬಾಕಿ ಸೊನ್ನೆಯಾದದ್ದನ್ನು ನೋಡಿಕೊಂಡು, ಬ್ಯಾಂಕಿಗೆ ಫೋನು ಮಾಡಿ ಮುಚ್ಚಿಸಬಹುದು. ಸರಿಯಾಗಿ ಕಟ್ಟಿಕೊಂಡು ಬಂದ ಖಾತೆ ಮುಚ್ಚಿದ ಮೇಲೂ ಹತ್ತು ವರ್ಷದವರೆಗೆ ವರದಿಯಲ್ಲಿ ಇರುತ್ತದೆ.