ಭಾಷೆ ಒಂದೇ, ನಗೆ ಬೇರೆ

೧೯೫೧ರ ಏಪ್ರಿಲ್. ಕೊರಿಯಾ ಯುದ್ಧದ ಕಾಲ. ಇಮ್‌ಜಿನ್ ನದಿಯ ಬಳಿ ಬ್ರಿಟಿಷ್ ಪಡೆಯ ಮೇಲೆ ಚೀನೀ ಸೈನಿಕರು ಅಲೆಅಲೆಯಾಗಿ ಮುಗಿಬಿದ್ದಿದ್ದರು. ಪಡೆಯ ಮುಖ್ಯಸ್ಥ ಬ್ರಿಗೇಡಿಯರ್ ಟಾಮ್ ಬ್ರೋಡಿ ತನ್ನ ಮೇಲಧಿಕಾರಿ, ಅಮೆರಿಕದ ಜನರಲ್ ರಾಬರ್ಟ್ ಸೋಲ್‌ಗೆ ಹೇಳಿದ್ದು ಇಷ್ಟೇ ಅಂತೆ: ‘ಇಲ್ಲಿ ಸ್ವಲ್ಪ ಇಕ್ಕಟ್ಟಾಗಿದೆ, ಸರ್.’

ಇನ್ನೊಬ್ಬ ಇಂಗ್ಲಿಷಿನವನಾಗಿದ್ದರೆ ‘ಸತ್ತೆವು, ಕಾಪಾಡಿ’ ಎಂದು ಅರ್ಥ ಮಾಡಿಕೊಳ್ಳುತ್ತಿದ್ದ. ಅಮೆರಿಕದವರಿಗೆ ‘ಸ್ವಲ್ಪ’ ಎಂದರೆ ಸ್ವಲ್ಪವೇ. ಹೇಗೋ ತಡೆದು ನಿಂತಿದ್ದಾರೆ ಎಂದುಕೊಂಡರು. ಗ್ಲಾಸ್ಟರ್‌ಷೈರ್ ರೆಜಿಮೆಂಟಿನ ಬೆಟಾಲಿಯನ್ ಗುಡ್ಡವೊಂದರ ಮೇಲೆ ಸುತ್ತುವರಿಯಲ್ಪಟ್ಟು, ೫೦೦ಕ್ಕೂ ಹೆಚ್ಚು ಮಂದಿ ಸೆರೆಯಾದರು. ಎದುರಾಳಿಗಳ ಸಂಖ್ಯೆಯೇ ವಿಪರೀತವಾಗಿತ್ತು, ನಿಜ. ಆದರೂ ಆ ಒಂದು ಮಾತು ಇಂದಿಗೂ ಚರ್ಚೆಯಲ್ಲಿದೆ.

ದೊಡ್ಡದನ್ನು ಚಿಕ್ಕದು ಮಾಡಿ ಹೇಳುವ ಈ ಚಾಳಿಯೇ ಬ್ರಿಟಿಷ್ ಹಾಸ್ಯದ ತಾಯಿಬೇರು. ‘ಕ್ವೈಟ್ ಗುಡ್’ ಎಂದರೆ ಲಂಡನ್ನಿನಲ್ಲಿ ಸಾಮಾನ್ಯವಾಗಿ ‘ಪರವಾಗಿಲ್ಲ’. ನ್ಯೂಯಾರ್ಕಿನಲ್ಲಿ ‘ಬಹಳ ಚೆನ್ನಾಗಿದೆ’. ಉತ್ತರಪತ್ರಿಕೆಯ ಮೇಲೆ ಹೀಗೆ ಬರೆದಿದ್ದರೆ ಹುಡುಗ ಹಿಗ್ಗಬೇಕೋ ಕುಗ್ಗಬೇಕೋ ಎಂಬುದಕ್ಕೆ ಮೇಷ್ಟ್ರ ಊರು ಯಾವುದೆಂದು ವಿಚಾರಿಸಬೇಕು!

ಇದನ್ನು ಪ್ರಯೋಗಶಾಲೆಯಲ್ಲಿಟ್ಟು ನೋಡಿದಂತೆ ತೋರಿಸಿದ್ದು ಟೆಲಿವಿಷನ್. ೨೦೦೧ರಲ್ಲಿ ಬಿಬಿಸಿಯಲ್ಲಿ ಬಂದ ‘ದಿ ಆಫೀಸ್’ ಧಾರಾವಾಹಿಯ ಡೇವಿಡ್ ಬ್ರೆಂಟ್ ಸ್ಲೌ ಪಟ್ಟಣದ ಕಾಗದದ ಕಂಪನಿಯೊಂದರ ಮ್ಯಾನೇಜರ್. ತಾನು ಭಾರೀ ಹಾಸ್ಯಗಾರ ಎಂಬ ಭ್ರಮೆ ಅವನಿಗೆ. ಅವನ ಜೋಕಿಗೆ ಯಾರೂ ನಗುವುದಿಲ್ಲ. ಆ ಮೌನವೇ ಜೋಕು. ಕೊನೆಗೆ ಕೆಲಸವೂ ಹೋಗುತ್ತದೆ. ೨೦೦೫ರಲ್ಲಿ ಅಮೆರಿಕದ ಎನ್‌ಬಿಸಿ ಮೊದಲ ಕಂತನ್ನು ಹೆಚ್ಚುಕಡಿಮೆ ಅದೇ ಸಂಭಾಷಣೆಯೊಂದಿಗೆ ತೆಗೆಯಿತು. ಜನ ಒಲಿಯಲಿಲ್ಲ. ಎರಡನೇ ವರ್ಷ ಮ್ಯಾನೇಜರ್ ಮೈಕೆಲ್ ಸ್ಕಾಟ್‌ನನ್ನು ಮೆತ್ತಗೆ ಮಾಡಲಾಯಿತು: ಪೆದ್ದನೇ, ಆದರೆ ಮಾರಾಟದಲ್ಲಿ ಚುರುಕು, ಸಿಬ್ಬಂದಿಯ ಮೇಲೆ ಜೀವ. ಬ್ರಿಟನ್ನಿನಲ್ಲಿ ವಿಶೇಷ ಕಂತುಗಳೂ ಸೇರಿ ೧೪ಕ್ಕೆ ಮುಗಿದದ್ದು ಅಲ್ಲಿ ೨೦೧೩ರವರೆಗೆ ೨೦೧ ಕಂತು ಓಡಿತು! ಸೋತವನು ಸೋತೇ ಇರಲಿ ಎಂದು ಒಬ್ಬರು ನಕ್ಕರೆ, ಅವನಿಗೂ ಒಂದಿಷ್ಟು ಗೆಲುವು ಸಿಗಲಿ ಎಂದು ಇನ್ನೊಬ್ಬರಿಗೆ ಆಸೆ.

ನಗೆಯನ್ನು ಅಳೆಯಲೂ ಹೊರಟವರಿದ್ದಾರೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್ ೨೦೦೧ರಲ್ಲಿ ಶುರುಮಾಡಿದ ಪ್ರಯೋಗಕ್ಕೆ ೪೦ ಸಾವಿರ ಜೋಕುಗಳು ಬಂದವು. ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡಿನವರಿಗೆ ಮಾತಿನ ಚಮತ್ಕಾರ ಹಿಡಿಸಿದರೆ, ಅಮೆರಿಕ, ಕೆನಡಾದವರಿಗೆ ಒಬ್ಬ ಇನ್ನೊಬ್ಬನನ್ನು ಪೆದ್ದನಾಗಿಸುವ ಜೋಕು ಇಷ್ಟ. ಎಲ್ಲರಿಂದಲೂ ಗೆದ್ದದ್ದು ಇಬ್ಬರು ಬೇಟೆಗಾರರ ಕಥೆ. ಒಬ್ಬ ಕುಸಿದು ಬೀಳುತ್ತಾನೆ. ‘ಸತ್ತಿರಬೇಕು’ ಎಂದು ಇನ್ನೊಬ್ಬ ಫೋನ್ ಮಾಡುತ್ತಾನೆ. ‘ಗಾಬರಿಯಾಗಬೇಡಿ, ಮೊದಲು ಸಾವು ಖಚಿತ ಮಾಡಿಕೊಳ್ಳಿ’ ಎನ್ನುತ್ತಾರೆ ಅತ್ತಲಿಂದ. ಗುಂಡಿನ ಸದ್ದು. ‘ಆಯ್ತು, ಮುಂದೇನು?’

ಅದರ ಮೂಲ ಹುಡುಕಿದರೆ ಸಿಕ್ಕಿದ್ದು ಸ್ಪೈಕ್ ಮಿಲ್ಲಿಗನ್ ೧೯೫೧ರಲ್ಲಿ ಬರೆದ ಪ್ರಹಸನ. ಐರಿಷ್ ತಂದೆಯ ಮಗನಾದ ಈತ ಹುಟ್ಟಿದ್ದು ೧೯೧೮ರಲ್ಲಿ, ನಮ್ಮ ನೆರೆಯ ಮಹಾರಾಷ್ಟ್ರದ ಅಹ್ಮದ್‌ನಗರದಲ್ಲಿ. ೨೦೦೨ರಲ್ಲಿ ತೀರಿಕೊಂಡಾಗ ಅವನ ಗೋರಿಕಲ್ಲಿನ ಮೇಲೆ ಅವನಿಷ್ಟದಂತೆ ಬರೆಸಬೇಕಿದ್ದ ಮಾತು: ‘ಹುಷಾರಿಲ್ಲ ಅಂತ ನಾನು ಆಗಲೇ ಹೇಳಿದ್ದೆನಲ್ಲ!’ ಚರ್ಚಿನವರು ಇಂಗ್ಲಿಷಿನಲ್ಲಿ ಬೇಡವೆಂದರು. ಅದೇ ಮಾತನ್ನು ಐರಿಷ್ ಭಾಷೆಯಲ್ಲಿ ಕೆತ್ತಲು ಒಪ್ಪಿಗೆ ಸಿಕ್ಕಿತು.